ಬಿದ್ದ ವಿಮಾನವನ್ನು ಹುಡುಕುವ ವಿದ್ಯೆ



ಕಳೆದ ಎರಡು ಮೂರು ವರ್ಷಗಳಿಂದ ನಮ್ಮ ಶಿವಮೊಗ್ಗ, ಭದ್ರಾವತಿಗಳ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ರಿಮೋಟ್ ವಿಮಾನ, ಗ್ಲೈಡರ್, ಡ್ರೋನ್‌ಗಳ ಒಂದು ದಿನದ ಶಿಬಿರಗಳನ್ನು ನಡೆಸುವ ರೂಢಿ ಬೆಳೆಯುತ್ತಿದೆ. ಇದು ಸಂತೋಷದ ವಿಷಯ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬರ್ನೌಲಿಯ ತತ್ತ್ವವನ್ನು ತೋರಿಸಲು ನನ್ನ ಬಳಿ ಇದ್ದ ಸಾಧನವೆಂದರೆ ಎರಡು ಹಾಳೆ ಕಾಗದ ಮತ್ತು ನನ್ನ ಸ್ವಂತ ಉಸಿರು, ಅಷ್ಟೆ. ಈಗಿನ ಮಗು ಫೋಮ್ ಹಲಗೆಯನ್ನು ಕತ್ತರಿಸಿ, ರೆಕ್ಕೆ ಅಂಟಿಸಿ, ಅದನ್ನು ಆಕಾಶಕ್ಕೆ ಕಳುಹಿಸಿ ಕೆಳಗೆ ನಿಂತು ತಿರುಗಿಸಬಲ್ಲದು. ಆದರೆ ಈ ಶಿಬಿರಗಳಲ್ಲಿ ಎಲ್ಲವನ್ನೂ ಹೇಳಿಕೊಟ್ಟು ಒಂದನ್ನು ಮಾತ್ರ ಬಿಡುತ್ತಾರೆ. ವಿಮಾನ ಕಾಣದಂತೆ ಎಲ್ಲೋ ಬಿದ್ದಾಗ ಏನು ಮಾಡಬೇಕು? ಅದರೊಳಗಿನ ಬ್ಯಾಟರಿಯ ಲೆಕ್ಕವನ್ನು ಯಾರು ಇಡಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಲಿಸದೆ ಮಗುವಿನ ಕೈಗೆ ರಿಮೋಟನ್ನು ಕೊಡಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ಮಾತನ್ನು ಕೇಳಿ ನಕ್ಕನು. "ಸರ್, ಬಿದ್ದರೆ ಬಿತ್ತು, ಇನ್ನೊಂದು ಮಾಡಿದರಾಯಿತು. ಫೋಮಿಗೆ ಎಷ್ಟು ದುಡ್ಡು?" ಎಂದನು. ಅವನ ಮಾತಿಗೆ ಉತ್ತರವಾಗಿಯೇ ಈ ಲೇಖನ ಎಂದರೂ ತಪ್ಪಿಲ್ಲ.

ಮೊದಲು ನಮ್ಮ ನೆಲವನ್ನು ನೋಡೋಣ. ಹೊರದೇಶಗಳಲ್ಲಿ ಗ್ಲೈಡರ್ ಹಾರಿಸುವವರಿಗೆ ಮೈಲಿಗಟ್ಟಲೆ ಹುಲ್ಲುಗಾವಲು, ಬೋಳು ಗುಡ್ಡಗಳು ಸಿಗುತ್ತವೆ. ನಮ್ಮಲ್ಲಿ ಭದ್ರಾ ನಾಲೆಯ ಕೆಳಗೆ ಭತ್ತದ ಗದ್ದೆ, ಅದರ ಪಕ್ಕಕ್ಕೆ ಕಬ್ಬು, ಕಬ್ಬಿನ ಆಚೆ ಅಡಿಕೆ ತೋಟ, ತೋಟದ ಆಚೆ ಕುರುಚಲು ಕಾಡು. ಹಾರಿಸಲು ಸಿಗುವ ಬಯಲು ಅಂಗೈಯಷ್ಟು. ಬೀಳಲು ಸಿಗುವ ಜಾಗ ಊರಗಲ. ಆಳೆತ್ತರದ ಕಬ್ಬಿನಲ್ಲಿ ಎರಡು ಮೀಟರ್ ರೆಕ್ಕೆಯ ವಿಮಾನ ಬಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಅಡಿಕೆ ಮರದ ಸುಳಿಯಲ್ಲಿ ಸಿಕ್ಕಿಕೊಂಡರಂತೂ ಕೆಳಗಿನಿಂದ ಕತ್ತೆತ್ತಿ ನೋಡುವವನಿಗೆ ಹೆಡೆಯ ಹಸಿರು, ಆಕಾಶದ ಬಿಳುಪು ಎರಡೇ. ಮೋಡದ ಬಣ್ಣದ ಬಿಳಿ ರೆಕ್ಕೆಯನ್ನು ಅಲ್ಲಿ ಗುರುತಿಸುವುದು ಹೇಗೆ? ಆದುದರಿಂದಲೇ ರೆಕ್ಕೆಯ ಮೇಲ್ಭಾಗಕ್ಕೆ ಕೇಸರಿ, ಕೆಳಭಾಗಕ್ಕೆ ಕಪ್ಪು ಪಟ್ಟೆ ಬಳಿಯಬೇಕು. ನೆಲದಲ್ಲಿ ಬಿದ್ದಾಗ ಕೇಸರಿ ಕಾಣುತ್ತದೆ, ಮೇಲೆ ಹಾರುವಾಗ ಕಪ್ಪು ಕಾಣುತ್ತದೆ. ಅಂಗಡಿಯಿಂದ ತಂದ ಬಿಳಿಯ ವಿಮಾನವನ್ನು ಹಾಗೆಯೇ ಹಾರಿಸುವವರನ್ನು ಕಂಡರೆ ನನಗೆ ಅಂಚಿನಲ್ಲಿ ಜಾಗ ಬಿಡದೆ ಉತ್ತರ ಬರೆಯುವ ಹುಡುಗರ ನೆನಪಾಗುತ್ತದೆ.

ಎಷ್ಟು ದೂರ ಹೋಗಿ ಬಿದ್ದೀತು ಎಂಬುದಕ್ಕೂ ಲೆಕ್ಕವಿದೆ. ಸಾಧಾರಣ ಗ್ಲೈಡರ್ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಹತ್ತು ಮೀಟರ್ ಮುಂದೆ ಸಾಗುತ್ತದೆ ಎಂದಿಟ್ಟುಕೊಳ್ಳಿ. 60 ಮೀಟರ್ ಎತ್ತರದಲ್ಲಿ ರಿಮೋಟಿನ ಹಿಡಿತ ತಪ್ಪಿದರೆ ಗಾಳಿಯಿಲ್ಲದ ದಿನ 600 ಮೀಟರ್ ಹೋಗಬಲ್ಲದು. ಸೆಕೆಂಡಿಗೆ ಒಂದು ಮೀಟರಿನಂತೆ ಇಳಿದರೆ ಅದು ಒಂದು ನಿಮಿಷ ಆಕಾಶದಲ್ಲಿರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಆ ಒಂದು ನಿಮಿಷದಲ್ಲಿ ಇನ್ನೂ 300 ಮೀಟರ್ ಸೇರಿ 900 ಮೀಟರ್ ಆಗುತ್ತದೆ. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಕಳೆದುಹೋದ ವಿಮಾನವನ್ನು ಆ ತಿಂಗಳುಗಳಲ್ಲಿ ಮೂಡಣ ದಿಕ್ಕಿನಲ್ಲಿ ಹುಡುಕುವುದು ವಿವೇಕ. ಇದೆಲ್ಲ ಎಂಟನೆಯ ತರಗತಿಯ ಲೆಕ್ಕ. ಆದರೆ ವಿಮಾನ ಕಾಣೆಯಾದ ಕ್ಷಣದಲ್ಲಿ ಹುಡುಗರು ಲೆಕ್ಕ ಹಾಕುವುದಿಲ್ಲ, ಓಡುತ್ತಾರೆ.

ಆ ಓಟವೇ ಅನರ್ಥಕ್ಕೆ ಮೂಲ. ಕಳೆದ ವರ್ಷ ಭದ್ರಾವತಿಯ ಸಮೀಪ ಒಂದು ಶಾಲೆಯ ಶಿಬಿರ ನಡೆಯಿತು. ಶಾಲೆಯ ಹೆಸರು ಬೇಡ. ಸಂಜೆ ಹಾರಿಸಿದ ಗ್ಲೈಡರ್ ನಾಲೆಯ ಆಚೆಗೆ ಹೋಗಿ ಮರೆಯಾಯಿತು. ಇಪ್ಪತ್ತು ಮಂದಿ ಮಕ್ಕಳು ಇಪ್ಪತ್ತು ದಿಕ್ಕಿಗೆ ಓಡಿದರು. ಮರುದಿನ ಅಲ್ಲಿಯ ನನ್ನ ಪರಿಚಯದ ರೈತರೊಬ್ಬರು ಪೇಟೆಯಲ್ಲಿ ಸಿಕ್ಕಿ, "ಏನ್ ಮೇಷ್ಟ್ರೇ, ವಿಮಾನ ಹುಡುಕ್ತೀವಿ ಅಂತ ಹುಡುಗ್ರು ನಾಟಿ ಮಾಡಿದ ಗದ್ದೇನೆಲ್ಲ ತುಳಿದು ಹಾಕಿದಾರಲ್ಲ, ಕೇಳೋರಿಲ್ವಾ?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಒಬ್ಬ ಹುಡುಗನು ತುಂಬಿ ಹರಿಯುತ್ತಿದ್ದ ನಾಲೆಯ ಅಂಚಿನಲ್ಲಿ ಕಾಲಿಟ್ಟಿದ್ದನ್ನು ಕಂಡು ತಾವೇ ಕೂಗಿ ನಿಲ್ಲಿಸಿದರೆಂದೂ ಹೇಳಿದರು. ಶಿಬಿರ ನಡೆಸಲು ಬಂದವರು ಕತ್ತಲಾಯಿತೆಂದು ಹೊರಟುಹೋಗಿದ್ದರು. ವಿಮಾನ ಸಿಗಲಿಲ್ಲ. ಸಿಗದ ವಿಮಾನದ ಹೊಟ್ಟೆಯಲ್ಲಿ ಒಂದು ಲಿಥಿಯಂ ಬ್ಯಾಟರಿ ಇತ್ತು. ಅದು ಇಂದಿಗೂ ಯಾರದೋ ಗದ್ದೆಯಲ್ಲಿ ಇದೆ. "ಬಿದ್ದರೆ ಬಿತ್ತು" ಎಂದ ನನ್ನ ಶಿಷ್ಯನು ಇದನ್ನು ಯೋಚಿಸಿರಲಿಲ್ಲ. ಕಳೆದುಹೋದದ್ದು ನಮ್ಮ ಫೋಮ್ ಆದರೂ ಅದು ಬಿದ್ದದ್ದು ಇನ್ನೊಬ್ಬರ ಅನ್ನದ ನೆಲದಲ್ಲಿ.

ಹಾಗಾದರೆ ಮಾಡಬೇಕಾದದ್ದೇನು? ವಿಮಾನ ಮರೆಯಾದ ತಕ್ಷಣ ಹಾರಿಸುವವನು ನಿಂತ ಜಾಗದಿಂದ ಕದಲಬಾರದು. ಕೊನೆಯದಾಗಿ ಕಂಡ ದಿಕ್ಕಿನಲ್ಲಿ ದೂರದ ಒಂದು ಗುರುತನ್ನು, ಒಂಟಿ ತೆಂಗಿನಮರವನ್ನೋ ಮೊಬೈಲ್ ಗೋಪುರವನ್ನೋ ನೀರಿನ ಟ್ಯಾಂಕನ್ನೋ, ಕಣ್ಣಲ್ಲಿ ಹಿಡಿಯಬೇಕು. ಕಾಲಬುಡದಲ್ಲಿ ಒಂದು ಕಲ್ಲಿಡಬೇಕು. ನಮ್ಮ ಕಣ್ಣು ದಿಕ್ಕಿನಲ್ಲಿ ಅಷ್ಟಾಗಿ ತಪ್ಪುವುದಿಲ್ಲ, ದೂರದಲ್ಲಿ ಮಾತ್ರ ಬಹಳ ತಪ್ಪುತ್ತದೆ. 200 ಮೀಟರ್ ಎಂದು ಅನಿಸಿದ್ದು 400 ಇರಬಹುದು, 150 ಇರಬಹುದು. ಆದರೆ ಅದು ಆ ಗೆರೆಯ ಮೇಲೆಯೇ ಇರುತ್ತದೆ.

ದೂರವನ್ನು ತಿಳಿಯಲು ಇನ್ನೊಬ್ಬನು ಬೇಕು. ಶಿಬಿರದಲ್ಲಿ ನಾಲ್ಕು ಜನರ ಒಂದು ತಂಡ ಇದ್ದರೆ ಒಬ್ಬನನ್ನು ಮೊದಲೇ ನೂರು ಮೀಟರ್ ಆಚೆ ನಿಲ್ಲಿಸಬೇಕು. ಇಬ್ಬರೂ ತಮ್ಮ ತಮ್ಮ ಗೆರೆಯ ಕೋನವನ್ನು ಅಳೆಯಲಿ. ಇಬ್ಬರ ನಡುವಿನ ರೇಖೆಯಿಂದ ಮೊದಲನೆಯವನ ಕೋನ 80 ಡಿಗ್ರಿ, ಎರಡನೆಯವನದು 85 ಡಿಗ್ರಿ ಆದರೆ ಮೂರನೆಯ ಕೋನ 15 ಡಿಗ್ರಿ. ಮೊದಲನೆಯವನಿಂದ ವಿಮಾನಕ್ಕೆ ಸುಮಾರು 385 ಮೀಟರ್. ಸೈನ್ ನಿಯಮ ಪಿಯುಸಿಗೆ ಬಂದ ಮೇಲೆ ಕಲಿಯುವಂಥದು. ಹೈಸ್ಕೂಲಿನವರಿಗೆ ಕೋನಮಾಪಕ ಮತ್ತು ಅಳತೆಪಟ್ಟಿ ಸಾಕು. ನೂರು ಮೀಟರಿಗೆ ಐದು ಸೆಂಟಿಮೀಟರ್ ಎಂದು ಹಾಳೆಯ ಮೇಲೆ ಗೆರೆ ಎಳೆದರೆ ಉತ್ತರ ಅಲ್ಲೇ ಬರುತ್ತದೆ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎರಡನೆಯವನು ಒಂದೇ ಒಂದು ಡಿಗ್ರಿ ತಪ್ಪಿ 86 ಎಂದು ಓದಿದರೆ ದೂರ 412 ಮೀಟರ್ ಎಂದು ಬರುತ್ತದೆ, ಅಂದರೆ 27 ಮೀಟರಿನ ವ್ಯತ್ಯಾಸ. ಅದೇ ಇಬ್ಬರೂ 200 ಮೀಟರ್ ಅಂತರದಲ್ಲಿ ನಿಂತಿದ್ದರೆ ಅಷ್ಟೇ ತಪ್ಪಿಗೆ ವ್ಯತ್ಯಾಸ 15 ಮೀಟರಿಗೆ ಇಳಿಯುತ್ತದೆ. ತ್ರಿಕೋನದ ಬುಡ ಅಗಲವಾದಷ್ಟೂ ತಪ್ಪು ಕುಗ್ಗುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದು. ಕಬ್ಬಿನ ಗದ್ದೆಯ ಅಂಚಿನಲ್ಲಿ ಒಂದೇ ಸಲಕ್ಕೆ ಹೋಗುತ್ತದೆ. ಕಳೆದುಹೋದ ವಿಮಾನದಷ್ಟು ಒಳ್ಳೆಯ ಗಣಿತದ ಪಾಠೋಪಕರಣವನ್ನು ನಾನು ಬಿ.ಎಡ್. ಓದುವಾಗಲೂ ಕಂಡಿಲ್ಲ.

ಇನ್ನು ಬ್ಯಾಟರಿಯ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿಮಾನ ಬೀಳುವುದಕ್ಕೂ ಬಿದ್ದದ್ದು ಸಿಗದಿರುವುದಕ್ಕೂ ಅನೇಕ ಸಲ ಕಾರಣ ಒಂದೇ ಆಗಿರುತ್ತದೆ.

ಮೋಟಾರಿಲ್ಲದ ಗ್ಲೈಡರಿನಲ್ಲೂ ಬ್ಯಾಟರಿ ಇರುತ್ತದೆ. ರಿಮೋಟಿನ ಸಂಕೇತವನ್ನು ಹಿಡಿಯುವ ರಿಸೀವರ್, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಸರ್ವೋ ಎಂಬ ಪುಟ್ಟ ಮೋಟಾರುಗಳು, ಇವಕ್ಕೆಲ್ಲ ಅದೇ ಜೀವ. ಅದು ನಿಂತರೆ ವಿಮಾನ ಕಿವುಡಾಗುತ್ತದೆ. ಕೆಳಗೆ ನಿಂತವನು ಏನು ಮಾಡಿದರೂ ತನ್ನಷ್ಟಕ್ಕೆ ತಾನು ಹೋಗುತ್ತದೆ. ನಮ್ಮ ಕಾಲದ ಟಾರ್ಚನ್ನು ನೆನಪಿಸಿಕೊಳ್ಳಿ. ಸೆಲ್ಲು ಮುಗಿಯುತ್ತ ಬಂದಂತೆ ಬೆಳಕು ಹಳದಿಯಾಗಿ, ಕೆಂಪಾಗಿ, ನಿಧಾನವಾಗಿ ಆರುತ್ತಿತ್ತು. ಅಂಗಳ ದಾಟಿ ಮನೆ ಸೇರುವಷ್ಟು ಎಚ್ಚರಿಕೆಯನ್ನು ಅದು ಕೊಡುತ್ತಿತ್ತು. ಗ್ಲೈಡರುಗಳಲ್ಲಿ ಬಳಸುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿಗೆ ಆ ಸೌಜನ್ಯವಿಲ್ಲ. ನಾಲ್ಕು ಸೆಲ್ಲುಗಳ 4.8 ವೋಲ್ಟಿನ ಜೋಡಣೆ ಬಹುಹೊತ್ತು ಹೆಚ್ಚುಕಡಿಮೆ ಒಂದೇ ವೋಲ್ಟೇಜನ್ನು ತೋರಿಸುತ್ತ ಬಂದು, ಕೊನೆಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಬೆಳಿಗ್ಗೆ ಮೀಟರ್ ಹಿಡಿದು "ಸರಿಯಾಗಿದೆ" ಎಂದವನಿಗೆ ಸಂಜೆ ಏನಾಗುವುದೆಂಬುದರ ಸುಳಿವೂ ಸಿಗುವುದಿಲ್ಲ. ಲಿಥಿಯಂ ಪಾಲಿಮರ್ ಸೆಲ್ ಸ್ವಲ್ಪ ಮಟ್ಟಿಗೆ ಪ್ರಾಮಾಣಿಕ. ತುಂಬಿದಾಗ 4.2 ವೋಲ್ಟ್, ನಡುವೆ 3.7ರ ಆಸುಪಾಸು, 3.0ಕ್ಕಿಂತ ಕೆಳಗೆ ಹೋದರೆ ಅದು ಕೆಟ್ಟಂತೆಯೇ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಬೇರೆಬೇರೆಯಾಗಿ ತೋರಿಸಿ, ಕಡಿಮೆಯಾದಾಗ ಕಿರುಚುವ ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಧನಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಒಟ್ಟು ವೋಲ್ಟೇಜ್ ಮಾತ್ರ ನೋಡಿದರೆ ಸಾಲದು. ಮೂರು ಸೆಲ್ಲುಗಳಲ್ಲಿ ಎರಡು ಗಟ್ಟಿಯಾಗಿದ್ದು ಒಂದು ಸೊರಗಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ತರಗತಿಯ ಸರಾಸರಿ ಅಂಕ ನೋಡಿ ಸಮಾಧಾನಪಡುವ ಮುಖ್ಯೋಪಾಧ್ಯಾಯರಿಗೆ ಇದು ಅರ್ಥವಾಗಬೇಕು!

ಸುಮ್ಮನಿರುವಾಗ ಅಳೆಯುವುದಕ್ಕೂ ಕೆಲಸ ಮಾಡುವಾಗ ಅಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಹಳೆಯ ಬ್ಯಾಟರಿಯ ಒಳರೋಧ ಹೆಚ್ಚಾಗಿರುತ್ತದೆ. ಸುಮ್ಮನಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸಿ, ಸರ್ವೋಗಳು ಒಟ್ಟಿಗೆ ತಿರುಗಿದ ಕೂಡಲೇ ಕುಸಿದು ಬೀಳುತ್ತದೆ. ಆದುದರಿಂದ ಕಡ್ಡಿಗಳನ್ನು ಅಲ್ಲಾಡಿಸುತ್ತಲೇ ವೋಲ್ಟೇಜ್ ನೋಡಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಖರ್ಚಿನ ಲೆಕ್ಕ. ಬ್ಯಾಟರಿಯ ಮೇಲೆ 1000 ಮಿಲಿಆಂಪಿಯರ್-ಅವರ್ ಎಂದು ಅಚ್ಚಾಗಿರುತ್ತದೆ. ಎರಡು ವರ್ಷ ಬಳಸಿದ ಮೇಲೆ ಅದನ್ನು ಪೂರ್ತಿ ಇಳಿಸಿ ನೋಡಿದರೆ ನಿಜವಾಗಿ ಕೊಡುವುದು 650 ಮಾತ್ರ ಎಂದಿಟ್ಟುಕೊಳ್ಳಿ. ಹಾರುವಾಗ ಗಂಟೆಗೆ 200ರಂತೆ ಎರಡು ಗಂಟೆಯಲ್ಲಿ 400 ಖರ್ಚಾಯಿತು. ಸಂಜೆ ಐದಕ್ಕೆ ವಿಮಾನ ತೋಟದೊಳಗೆ ಬಿತ್ತು. ಬಿದ್ದ ಮೇಲೆ ರಿಸೀವರ್ ಮತ್ತು ಕೂಗುವ ಬಜರ್ ಸೇರಿ ಗಂಟೆಗೆ 100 ಎಳೆಯುತ್ತವೆ. ಅಚ್ಚಾದ ಅಂಕಿಯನ್ನು ನಂಬಿದವನು "ಇನ್ನೂ 600 ಇದೆ, ರಾತ್ರಿ ಹನ್ನೊಂದರವರೆಗೆ ಕೂಗುತ್ತದೆ, ಊಟ ಮಾಡಿ ಟಾರ್ಚ್ ಹಿಡಿದು ಬರೋಣ" ಎಂದು ಮನೆಗೆ ಹೋಗುತ್ತಾನೆ. ಅಲ್ಲಿ ಉಳಿದಿರುವುದು 250. ಏಳೂವರೆಗೆ ಅದರ ಧ್ವನಿ ನಿಂತುಹೋಗುತ್ತದೆ. ಬಿದ್ದ ಪೆಟ್ಟಿಗೆ ಬಾಲದ ಪಟ್ಟಿ ಬಾಗಿ ಸರ್ವೋ ಸಿಕ್ಕಿಕೊಂಡಿದ್ದರೆ ಕತೆ ಇನ್ನೂ ಬೇಗ ಮುಗಿಯುತ್ತದೆ. ಹೊರಳಲಾಗದ ಸರ್ವೋ ಒಂದೇ 500 ಎಳೆಯಬಲ್ಲದು. ಆಗ 250 ಅನ್ನು 600ರಿಂದ ಭಾಗಿಸಿ ನೋಡಿ: ಇಪ್ಪತ್ತೈದು ನಿಮಿಷ! ಹುಡುಕುವುದಕ್ಕೆ ಇರುವ ಕಾಲ ಅಷ್ಟೇ.

ಈ ಲೆಕ್ಕಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ. ದಿನಾಂಕ, ಹಾರಿಸಿದ ನಿಮಿಷ, ಮತ್ತೆ ಚಾರ್ಜ್ ಮಾಡುವಾಗ ಒಳಗೆ ಹೋದ ಮಿಲಿಆಂಪಿಯರ್-ಅವರ್, ಈ ಮೂರು ಕಾಲಂ ಸಾಕು. ಈಗಿನ ಚಾರ್ಜರುಗಳು ಮೂರನೆಯ ಅಂಕಿಯನ್ನು ತಾವೇ ತೋರಿಸುತ್ತವೆ. ತುಂಬಿದ್ದು ಎಷ್ಟೋ ಖರ್ಚಾದದ್ದೂ ಹೆಚ್ಚುಕಡಿಮೆ ಅಷ್ಟೇ. (ನಿಕಲ್ ಸೆಲ್ಲಿನಲ್ಲಿ ತುಂಬಿದ್ದರಲ್ಲಿ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಲಿಥಿಯಂನಲ್ಲಿ ಆ ನಷ್ಟ ತೀರ ಕಡಿಮೆ.) ಮೂರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ, ನಿಜವಾದ ಸಾಮರ್ಥ್ಯವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ನಮ್ಮ ತಾಯಂದಿರು ಹಾಲಿನವನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದರು. ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಬಜರಿನ ಮಾತು ಬಂತು. ರಿಸೀವರಿಗೆ ಸಿಕ್ಕಿಸುವ ಈ ಪುಟ್ಟ ಸಾಧನ ರಿಮೋಟನ್ನು ಆರಿಸಿದಾಗ ಅಥವಾ ಬಹುಹೊತ್ತು ಕಡ್ಡಿ ಅಲ್ಲಾಡಿಸದಿದ್ದಾಗ ಕೂಗತೊಡಗುತ್ತದೆ. ಒಳ್ಳೆಯದೇ. ಆದರೆ ಮಲೆನಾಡಿನವರಿಗೆ ಒಂದು ಎಚ್ಚರಿಕೆ ಹೇಳಬೇಕು. ಜೀರುಂಡೆ ಕೂಗುವಾಗ ಅದು ಎಲ್ಲಿದೆಯೆಂದು ನೀವು ಎಂದಾದರೂ ಕಂಡುಹಿಡಿದಿದ್ದೀರಾ? ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ. ನಮ್ಮ ಕಿವಿ ತಗ್ಗಿನ ಸ್ವರದ ದಿಕ್ಕನ್ನು ಎರಡು ಕಿವಿಗಳಿಗೆ ತಲುಪುವ ಕಾಲದ ಅಂತರದಿಂದಲೂ, ಬಹಳ ತಾರ ಸ್ವರದ ದಿಕ್ಕನ್ನು ಜೋರಿನ ಅಂತರದಿಂದಲೂ ತಿಳಿಯುತ್ತದೆ. ನಡುವೆ, ಸುಮಾರು ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ, ಎರಡು ಉಪಾಯಗಳೂ ಮಂಕಾಗುತ್ತವೆ. ದುರದೃಷ್ಟಕ್ಕೆ ಅಗ್ಗದ ಬಜರುಗಳು ಕೂಗುವುದು ಆ ಪಟ್ಟಿಯಲ್ಲೇ. ಆದುದರಿಂದ ನಡೆಯುತ್ತ ಕೇಳಬಾರದು. ಹತ್ತು ಹೆಜ್ಜೆ ನಡೆದು ನಿಲ್ಲಬೇಕು, ತಲೆಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಬೇಕು, ಕಿವಿಯ ಹಿಂದೆ ಅಂಗೈ ಹಿಡಿಯಬೇಕು, ಇಬ್ಬರು ಬೇರೆಬೇರೆ ಕಡೆ ನಿಂತು ಬೆರಳು ತೋರಿಸಬೇಕು. ತನ್ನದೇ ಚಿಕ್ಕ ಸೆಲ್ ಇರುವ, ಮುಖ್ಯ ಬ್ಯಾಟರಿ ಕಳಚಿ ಬಿದ್ದರೂ ಕೂಗುವ ಬಜರ್ ಸಿಕ್ಕಿದರೆ ಅದನ್ನೇ ಕೊಳ್ಳಿ.

ರಿಸೀವರಿನಿಂದ ವೋಲ್ಟೇಜು, ಸಂಕೇತದ ಬಲ ಮೊದಲಾದವು ರಿಮೋಟಿನ ಪರದೆಗೆ ಮರಳಿ ಬರುವ ವ್ಯವಸ್ಥೆ ಈಗ ಸಾಮಾನ್ಯವಾಗಿದೆ. ರಿಮೋಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದರೆ ಯಾವ ದಿಕ್ಕಿಗೆ ಮುಖ ಮಾಡಿದಾಗ ಬಲ ತೀರ ಕುಗ್ಗುತ್ತದೋ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ನಮ್ಮ ಬೆನ್ನ ಹಿಂದೆ, ವಿಮಾನವಿರುತ್ತದೆ. 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ತುಂಬಿದ ನಮ್ಮ ದೇಹ ತಡೆಯುವುದೇ ಇದಕ್ಕೆ ಕಾರಣ. ನೀರು ತುಂಬಿದ ಬಾಳೆ, ಕಬ್ಬು, ವೀಳ್ಯದೆಲೆಯ ಬಳ್ಳಿಗಳೂ ಹಾಗೆಯೇ ತಡೆಯುತ್ತವೆ ಎಂಬುದನ್ನು ಮರೆಯಬಾರದು. ಪರದೆಯ ಅಂಕಿಗಳನ್ನು ಮೊದಲು ಬರೆದುಕೊಂಡು, ಆಮೇಲೆ ರಿಮೋಟನ್ನು ಆರಿಸಿ ಬಜರನ್ನು ಕೇಳಬೇಕು. ಈ ಕ್ರಮ ತಲೆಕೆಳಗಾದರೆ ಅಂಕಿಗಳು ಹೋಗುತ್ತವೆ.

"ಜಿಪಿಎಸ್ ಹಾಕಿದರೆ ಇಷ್ಟೆಲ್ಲ ಏಕೆ ಮಾವ?" ಎಂದು ನಮ್ಮ ಮನೆಯ ಹುಡುಗರೇ ಕೇಳಿದ್ದಾರೆ. ಹಾಕಿ, ಬೇಡವೆನ್ನುವವನು ನಾನಲ್ಲ. ಆದರೆ ಅದಕ್ಕೂ ಬ್ಯಾಟರಿ ಬೇಕು; ಅದು ಕಳುಹಿಸುವ ಕೊನೆಯ ಅಂಕಿ ಮರಗಳ ಮರೆಗೆ ಇಳಿಯುವ ಮುನ್ನಿನದು; ಅಲ್ಲಿಂದ ಮುಂದಿನದನ್ನು ಕಣ್ಣು, ಕಾಲು, ತಾಳ್ಮೆಗಳೇ ಮಾಡಬೇಕು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಸಂಪರ್ಕ ಕಳೆದುಕೊಂಡದ್ದನ್ನು ನಾವೆಲ್ಲ ಟಿವಿಯ ಮುಂದೆ ಕುಳಿತು ನೋಡಿದೆವು. ಅದರ ಅವಶೇಷವನ್ನು ಮೊದಲು ಗುರುತಿಸಿದವರು ಚೆನ್ನೈನ ಇಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ನಾಸಾ ಪ್ರಕಟಿಸಿದ್ದ ಚಿತ್ರಗಳಲ್ಲಿ ಬೀಳುವ ಮುಂಚಿನದನ್ನೂ ಬಿದ್ದ ನಂತರದ್ದನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಬಿದ್ದ ಮುಖ್ಯ ಸ್ಥಳದಿಂದ ಸುಮಾರು 750 ಮೀಟರ್ ವಾಯವ್ಯಕ್ಕಿದ್ದ ಒಂದು ಚುಕ್ಕೆಯನ್ನು ಅವರು ಹಿಡಿದರು. ಆ ವರ್ಷದ ಡಿಸೆಂಬರಿನಲ್ಲಿ ನಾಸಾ ಅದನ್ನು ಒಪ್ಪಿ ಪ್ರಕಟಿಸಿತು.

ನಮ್ಮ ನೆರೆಯ ಜಿಲ್ಲೆಯನ್ನೇ ನೋಡಿ. ಚಳ್ಳಕೆರೆಯ ಪರೀಕ್ಷಾ ವಲಯದಿಂದ ಹಾರುವ ಡಿಆರ್‌ಡಿಒದ ಚಾಲಕರಹಿತ ವಿಮಾನ 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ, ಮತ್ತೆ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಜಮೀನಿನಲ್ಲಿ ಬಿತ್ತು. ಎರಡು ಸಲವೂ ಜನ ಮುಗಿಬಿದ್ದು ನೋಡಿದರು. ಅದೃಷ್ಟವಶಾತ್ ಯಾರ ಜೀವಕ್ಕೂ ಅಪಾಯವಾಗಲಿಲ್ಲ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಭಾರಿ ಬಲೂನು ಬಿದ್ದು ಊರವರು ಗಾಬರಿಯಾದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಹಾರಿಬಿಟ್ಟ ವೈಜ್ಞಾನಿಕ ಬಲೂನು. ಅದರ ಉಪಕರಣದ ಜೊತೆಯಲ್ಲಿ ಕನ್ನಡದಲ್ಲೇ ಬರೆದ ಸೂಚನೆಯ ಪತ್ರವಿತ್ತೆಂದು ಪತ್ರಿಕೆಯಲ್ಲಿ ಓದಿ ನನಗೆ ಬಹಳ ಮೆಚ್ಚುಗೆಯಾಯಿತು. ಎಲ್ಲಿ ಬೀಳಬಹುದೆಂದು ಮೊದಲೇ ಯೋಚಿಸಿ, ಅಲ್ಲಿಯವರ ಭಾಷೆಯಲ್ಲಿ ಬರೆದು ಕಳುಹಿಸುವುದು ದೊಡ್ಡವರ ಲಕ್ಷಣ. ನಮ್ಮ ಶಿಬಿರಗಳ ವಿಮಾನಗಳ ಮೇಲೆ ಇರುವುದೇನು? ಪ್ರಾಯೋಜಕರ ಇಂಗ್ಲಿಷ್ ಹೆಸರು.

ನಿಯಮಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಿಂದ ವಿಮಾನ ಸಂಚಾರ ಆರಂಭವಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರ್ ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ ಅನುಮತಿಯಿಲ್ಲದೆ 200 ಅಡಿಗಿಂತ ಮೇಲೇರುವಂತಿಲ್ಲ. ಶಿವಮೊಗ್ಗ, ಭದ್ರಾವತಿಗಳ ನಡುವಿನ ಬಹುಭಾಗ ಈ ವರ್ತುಲಗಳಲ್ಲೇ ಬರುತ್ತದೆ. ಹಳೆಯ ಬಯಲು ಎಂದು ಧೈರ್ಯವಾಗಿ ಹೋಗುವ ಮೊದಲು ನಕ್ಷೆ ನೋಡಿ.

ಇನ್ನು ಜೀವದ ಪ್ರಶ್ನೆ. ವಿಮಾನ ಕರೆಂಟಿನ ತಂತಿಯ ಮೇಲೆ ಸಿಕ್ಕಿಕೊಂಡರೆ ಅದನ್ನು ಮರೆತುಬಿಡಬೇಕು. ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬರುವವರೆಗೆ ಕಾಯಬೇಕು. ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ, ಬಹಳ ಹಗುರ, ಬಹಳ ಉದ್ದ. ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಷ್ಟೋ ಹುಡುಗರಿಗೆ ತಿಳಿಯದು. ಹಳೆಯ ಬಿದಿರಿನ ದೋಟಿಯಂತೆಯೇ ಎಂದು ಭಾವಿಸುತ್ತಾರೆ. (ಹಸಿಯಾದ ಬಿದಿರೂ ಅಪಾಯವೇ.) ಅಡಿಕೆ ಮರದ ಮೇಲೆ ಸಿಕ್ಕಿಕೊಂಡರೆ ತೋಟದ ಯಜಮಾನರನ್ನು ಕೇಳಿ ಕೊನೆಗೌಡನನ್ನು ಕರೆಸಿ, ಅವನ ಕೂಲಿ ಕೊಟ್ಟು ಇಳಿಸಿಕೊಳ್ಳಿ. ತರಗೆಲೆಯ ರಾಶಿಗೆ ಬರಿಗೈ ಹಾಕಬೇಡಿ. ಕೊಳಕುಮಂಡಲಕ್ಕೆ ನಿಮ್ಮ ವಿಮಾನದ ವಿಷಯ ತಿಳಿದಿರುವುದಿಲ್ಲ.

ಸಿಕ್ಕಿದ ವಿಮಾನವನ್ನು ಹಿಗ್ಗಿನಿಂದ ಅಪ್ಪಿಕೊಳ್ಳುವ ಮೊದಲು ಬ್ಯಾಟರಿಯ ತಂತಿಯನ್ನು ಬಿಡಿಸಿ. ಪೆಟ್ಟು ತಿಂದ ಲಿಥಿಯಂ ಪಾಲಿಮರ್ ಬ್ಯಾಟರಿ ಆ ಕ್ಷಣಕ್ಕೆ ತಣ್ಣಗಿದ್ದು, ಸ್ವಲ್ಪ ಹೊತ್ತಿನ ಮೇಲೆ ಉಬ್ಬಿ ಹೊತ್ತಿಕೊಳ್ಳಬಹುದು. ಅದನ್ನು ಕಾರಿನ ಡಿಕ್ಕಿಗೆ ಹಾಕಬಾರದು, ಶಾಲೆಯ ಚೀಲಕ್ಕೆ ಹಾಕಲೇಬಾರದು. ಮರಳು ತುಂಬಿದ ಒಂದು ಬಕೆಟ್ ಬಯಲಿನಲ್ಲೇ ಇರಬೇಕು. ಮಾರ್ಚ್, ಏಪ್ರಿಲ್‌ಗಳಲ್ಲಿ ನಮ್ಮ ಕಾಡಿನಂಚಿನ ಒಣಹುಲ್ಲು ಒಂದು ಕಿಡಿಗೆ ಕಾಯುತ್ತಿರುತ್ತದೆ. ಆ ಎರಡು ತಿಂಗಳು ಅಲ್ಲಿ ಶಿಬಿರವನ್ನೇ ಇಟ್ಟುಕೊಳ್ಳಬಾರದೆಂಬುದು ನನ್ನ ಮಾತು. ರಾತ್ರಿಯೆಲ್ಲ ಗದ್ದೆಯಲ್ಲಿ ಬಿದ್ದಿದ್ದು ಪೂರ್ತಿ ಇಳಿದುಹೋದ ಬ್ಯಾಟರಿಯನ್ನು "ನೋಡೋಣ" ಎಂದು ಮತ್ತೆ ಚಾರ್ಜಿಗೆ ಹಾಕುವುದು ಮನೆಗೆ ಬೆಂಕಿಯನ್ನು ಕರೆತಂದಂತೆ. ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಕಸದ ಗಾಡಿಗೆ ಹಾಕದೆ, ಕೊಂಡ ಅಂಗಡಿಯವರನ್ನೇ ಕೇಳಿ.

ಶಾಲೆಗಳಲ್ಲಿ ಈಗ ಮುಖ್ಯೋಪಾಧ್ಯಾಯರಾಗಿರುವ ನನ್ನ ಶಿಷ್ಯರು ಆರೇಳು ಮಂದಿ ಇದ್ದೀರಿ. ಶಿಬಿರ ನಡೆಸಲು ಬರುವವರನ್ನು ಮೂರು ಮಾತು ಕೇಳಿ: ಸುತ್ತಲಿನ ಜಮೀನಿನವರ ಒಪ್ಪಿಗೆ ಪಡೆದಿದ್ದೀರಾ, ಬ್ಯಾಟರಿಯ ಪುಸ್ತಕ ತೋರಿಸುತ್ತೀರಾ, ಬಿದ್ದದ್ದು ಸಿಗುವವರೆಗೆ ಇರುತ್ತೀರಾ? ಇಲ್ಲವೆಂದರೆ ಆ ಶಿಬಿರ ಬೇಡವೆನ್ನಿ. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಇದ್ದು ಅಣ್ಣನ ಮಗನಿಗೆ, ತಂಗಿಯ ಮಗಳಿಗೆ ಗ್ಲೈಡರ್ ಕಳುಹಿಸುವವರು ಅದರ ಜೊತೆಗೆ ಒಂದು ಬಜರನ್ನೂ ಒಂದು ವೋಲ್ಟೇಜ್ ನೋಡುವ ಸಾಧನವನ್ನೂ ಕಳುಹಿಸಿ.

ರೆಕ್ಕೆಯ ಮೇಲೆ ಅಂಟಿಸುವ ಚೀಟಿಯ ಒಕ್ಕಣೆಯನ್ನು ನಾನೇ ಬರೆದು ಇಟ್ಟಿದ್ದೇನೆ, ಬೇಕಾದವರು ಬಳಸಿಕೊಳ್ಳಬಹುದು: "ಇದು ಶಾಲೆಯ ಮಕ್ಕಳ ಆಟದ ವಿಮಾನ. ಅಪಾಯದ ವಸ್ತುವಲ್ಲ, ಆದರೆ ಒಳಗೆ ಬ್ಯಾಟರಿ ಇದೆ. ಬಿಚ್ಚಬೇಡಿ, ಬಿಸಿಲಿನಲ್ಲೂ ಬೆಂಕಿಯ ಬಳಿಯಲ್ಲೂ ಇಡಬೇಡಿ. ದಯವಿಟ್ಟು ಈ ಸಂಖ್ಯೆಗೆ ತಿಳಿಸಿ. ನಿಮ್ಮ ಬೆಳೆಗೆ ನಷ್ಟವಾಗಿದ್ದರೆ ಅದನ್ನೂ ತಿಳಿಸಿ." ಸಂಖ್ಯೆಯನ್ನು ಅಳಿಸಿಹೋಗದ ಶಾಯಿಯಲ್ಲಿ ಬರೆದು, ಮಳೆಗೆ ನೆನೆಯದಂತೆ ಮೇಲೆ ಅಗಲದ ಪಾರದರ್ಶಕ ಟೇಪು ಹಚ್ಚಿ.